ಅರ್ಧಕ್ಕಿಂತ ಒಂದಾದರೂ ಹೆಚ್ಚು

ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತಲ್ಲ. ರಾಜ್ಯದ ಆಡಳಿತ ನಡೆಸುವವರೇ ಅವರು. ಜಾನ್ ಆಡಮ್ಸ್ ಮುಖ್ಯವಾಗಿ ಕರಡು ಬರೆದ 1780ರ ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನ, ಅವರನ್ನು ಪ್ರತಿವರ್ಷ ಮತದಾರರೇ ಆರಿಸಬೇಕೆಂದಿತು. ಜತೆಗೊಂದು ಬಿಗಿ ಷರತ್ತನ್ನೂ ಇಟ್ಟಿತು: ಉಳಿದವರಿಗಿಂತ ಹೆಚ್ಚು ಮತ ಬಂದರೆ ಸಾಲದು, ಬಿದ್ದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬರಬೇಕು. ಯಾರಿಗೂ ಅಷ್ಟು ಬಾರದಿದ್ದರೆ ಏನು ಮಾಡಬೇಕು ಎಂಬುದಕ್ಕೆ ಹೆಣೆದ ವ್ಯವಸ್ಥೆಯಲ್ಲೇ ಇದರ ಕುಶಲತೆ ಇರುವುದು.

ಏಪ್ರಿಲ್‌ನ ಮೊದಲ ಸೋಮವಾರ ಊರೂರಲ್ಲಿ ಸಭೆ. ನಿಗದಿತ ಆಸ್ತಿ ಅಥವಾ ಆದಾಯವಿದ್ದ, 21 ತುಂಬಿದ ಗಂಡಸರಿಗಷ್ಟೇ ಮತ. ಊರಿನ ಗುಮಾಸ್ತ ಮುಖಂಡರ ನೆರವಿನಿಂದ ಸಭೆಯ ಎದುರೇ ಮತಗಳನ್ನು ವಿಂಗಡಿಸಿ ಎಣಿಸುತ್ತಿದ್ದ. ಆತನೇ ಲೆಕ್ಕವನ್ನು ಊರಿನ ಪುಸ್ತಕದಲ್ಲಿ ಬರೆದು, ಬಹಿರಂಗವಾಗಿ ಸಾರುತ್ತಿದ್ದ. ಮೊಹರು ಹಾಕಿದ ಪ್ರತಿ ಶೆರೀಫರ ಮೂಲಕ ರಾಜ್ಯದ ಕಾರ್ಯದರ್ಶಿಯ ಕಚೇರಿ ಸೇರುತ್ತಿತ್ತು. ಮೇ ತಿಂಗಳ ಕೊನೆಯ ಬುಧವಾರ ಅದನ್ನು ಶಾಸಕಾಂಗದ ಎರಡೂ ಸದನಗಳ ಮುಂದಿಟ್ಟು ಪರಿಶೀಲಿಸಬೇಕಿತ್ತು.

ಬಹುಮತ ಕಾಣದಿದ್ದರೆ ಒಂದರ ಕೆಳಗೊಂದು ಎರಡು ಜರಡಿ ಹಿಡಿದಂತೆ ಕೆಲಸ ಸಾಗುತ್ತಿತ್ತು. ಹೆಚ್ಚು ಮತ ಪಡೆದ ನಾಲ್ವರಲ್ಲಿ ಇಬ್ಬರನ್ನು ಪ್ರತಿನಿಧಿಗಳ ಸಭೆ ಮತಚೀಟಿಯ ಮೂಲಕ ಆರಿಸಿ ಕಳಿಸುತ್ತಿತ್ತು. ಆ ಇಬ್ಬರಲ್ಲಿ ಒಬ್ಬರನ್ನು ಸೆನೆಟ್, ಅದೂ ಮತಚೀಟಿಯ ಮೂಲಕವೇ, ಗವರ್ನರ್ ಮಾಡುತ್ತಿತ್ತು. ಪ್ರತಿನಿಧಿಗಳ ಸಭೆ ಊರುಗಳದ್ದು; ಸೆನೆಟ್ ಸ್ಥಾನಗಳು ಹಂಚಿಕೆಯಾಗುತ್ತಿದ್ದದ್ದು ಜಿಲ್ಲೆಗಳು ಕಟ್ಟುವ ತೆರಿಗೆಯ ಮೇಲೆ. ಹೆಸರು ಸೂಚಿಸುವ ಸಭೆಗೆ ಕೊನೆಯ ಮಾತಿರಲಿಲ್ಲ, ಕೊನೆಯ ಮಾತಿದ್ದ ಸಭೆಗೆ ಹೊಸ ಹೆಸರು ತರುವ ಅಧಿಕಾರವಿರಲಿಲ್ಲ. ಜನ ಮತ ಹಾಕದವನು ಈ ದಾರಿಯಲ್ಲಿ ನುಸುಳುವಂತೆಯೇ ಇರಲಿಲ್ಲ.

1785ರಲ್ಲಿ ಪರೀಕ್ಷೆ ಬಂತು. ಗವರ್ನರ್ ಜಾನ್ ಹ್ಯಾನ್‌ಕಾಕ್ ರಾಜೀನಾಮೆ ಕೊಟ್ಟಿದ್ದರು. ಜೇಮ್ಸ್ ಬೋಡನ್ ಮುಂದಿದ್ದರೂ ಅರ್ಧ ದಾಟಲಿಲ್ಲ. ತೀರ್ಮಾನ ಶಾಸಕಾಂಗಕ್ಕೆ ಹೋಯಿತು; ಬೋಡನ್ ಗವರ್ನರ್ ಆದರು. ಎದುರಾಳಿ ಥಾಮಸ್ ಕುಶಿಂಗ್ ಬೋಡನ್‌ರ ಕೈಕೆಳಗೇ ಉಪಗವರ್ನರ್ ಆಗಿ ಮುಂದುವರಿದರು.

ಷರತ್ತಿನ ಬಿಗಿ ಎಷ್ಟೆಂಬುದು 1839ರಲ್ಲಿ ಕಂಡಿತು. ಬಿದ್ದ 1,02,066 ಮತಗಳಲ್ಲಿ ಮಾರ್ಕಸ್ ಮಾರ್ಟನ್‌ಗೆ 51,034. ಅದರಲ್ಲಿ ಒಂದೇ ಒಂದು ಮತ ಆಗಿನ ಗವರ್ನರ್ ಎಡ್ವರ್ಡ್ ಎವರೆಟ್ ಕಡೆ ಹೊರಳಿದ್ದರೂ ಆಯ್ಕೆ ಸದನಗಳ ಪಾಲಾಗುತ್ತಿತ್ತು. ಪಕ್ಷಗಳು ಹೆಚ್ಚಿದಂತೆ ಬಹುಮತ ಪದೇ ಪದೇ ಕೈತಪ್ಪಿತು. 1842ರ ಚುನಾವಣೆಯಲ್ಲಿ ಅದೇ ಮಾರ್ಟನ್‌ರನ್ನು ಶಾಸಕಾಂಗವೇ ಆರಿಸಬೇಕಾಯಿತು. ಕಡೆಗೆ 1855ರ ತಿದ್ದುಪಡಿ ಹೆಚ್ಚು ಮತ ಪಡೆದವರೇ ಗೆದ್ದಂತೆ ಎಂದಿತು. ಎಣಿಕೆ ಸುಲಭವಾಯಿತು, ನಿಜ. ಆದರೆ ಗವರ್ನರ್ ಆಗುವವರ ಹಿಂದೆ ಅರ್ಧಕ್ಕಿಂತ ಹೆಚ್ಚು ಮತದಾರರಿರಬೇಕು, ಇಲ್ಲವೇ ಎರಡು ಸದನಗಳ ಒಪ್ಪಿಗೆಯಾದರೂ ಇರಬೇಕು ಎಂಬ ಹಳೆಯ ಹಟ ಅಲ್ಲಿಗೆ ಮುಗಿಯಿತು.