ಅರ್ಧ ಗ್ಲಾಸು ನೀರು: ಶುರು ಮಾಡುವ ಮುಂಚೆ

2018ರ ಜೂನ್ 23ರಿಂದ ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ನಿಷೇಧ ಬಿಗಿಯಾದಾಗ ನಾವೆಲ್ಲ ಗಡಿಬಿಡಿಯಲ್ಲಿ ಪಾರ್ಸೆಲ್ ಚೀಲ ಬದಲಾಯಿಸಿದೆವು. ಮೊದಲ ಸಲ ಸಿಕ್ಕಿದರೆ 5,000 ರೂಪಾಯಿ ದಂಡ, ಎರಡನೇ ಸಲ 10,000. ಹೆದರಿಕೆ ಕಡಿಮೆಯಾದ ಮೇಲೆ ಎಷ್ಟೋ ಕಡೆ ತೆಳು ಚೀಲ ಪುನಃ ಗಲ್ಲೆಯ ಕೆಳಗೆ ಬಂದು ಕೂತಿತು. ದಂಡಕ್ಕೆ ಹೆದರಿ ಬಿಟ್ಟ ಅಭ್ಯಾಸ ಹಾಗೆಯೇ.

ಈಗ ನೀರಿನ ವಿಷಯ. 2024ರಲ್ಲಿ ಮುಂಬೈ ಪಾಲಿಕೆ ಮೇ 30ರಿಂದ ಶೇ. 5, ಜೂನ್ 5ರಿಂದ ಶೇ. 10 ನೀರು ಕಡಿತ ಮಾಡಿ, ಜುಲೈ 29ರಂದು ಹಿಂದೆ ತೆಗೆದುಕೊಂಡಿತು. 2025ರ ಏಪ್ರಿಲ್‌ನಲ್ಲಿ ಟ್ಯಾಂಕರಿನವರು ಮುಷ್ಕರ ಹೂಡಿದಾಗ ನಮ್ಮಲ್ಲಿ ಹಲವರು ಖಾಲಿ ಟಾಂಕಿ ನೋಡುತ್ತಾ ನಿಂತೆವು. ಇಂಥ ಪ್ರತಿ ಸಲವೂ ‘ಗಿರಾಕಿಗೆ ಅರ್ಧ ಗ್ಲಾಸು ಕೊಡುವ, ಬೇಕಾದರೆ ಕೇಳಲಿ’ ಎಂಬ ಮಾತು ಬರುತ್ತದೆ. ಮಾತು ಒಳ್ಳೆಯದೇ. ತಾನ್ಸಾ, ಭಾತ್ಸಾ ಕೆರೆಗಳಿರುವ ಶಹಾಪುರ ತಾಲೂಕಿನ ಹಳ್ಳಿಗಳಿಗೇ ಬೇಸಗೆಯಲ್ಲಿ ಟ್ಯಾಂಕರ್ ನೀರು ಹೋಗುತ್ತದೆ; ಅಲ್ಲಿಂದ ಬಂದ ನೀರನ್ನು ನಾವು ಇಲ್ಲಿ ಎಂಜಲು ಗ್ಲಾಸಿನಿಂದ ಮೋರಿಗೆ ಚೆಲ್ಲುತ್ತೇವೆ. ಆದರೆ ಬೋರ್ಡು ಹಾಕುವ ಮುಂಚೆ ಕೆಲವು ಲೆಕ್ಕ ಆಗಬೇಕು.

250 ಮಿಲಿಯ ಗ್ಲಾಸಿನಲ್ಲಿ ಅರ್ಧ ಉಳಿಯಿತು ಎಂದು ಹಿಡಿದರೆ 800 ಗ್ಲಾಸಿಗೆ 100 ಲೀಟರ್. ನಿಮಿಷಕ್ಕೆ 8 ಲೀಟರ್ ಬೀಳುವ ನಳವನ್ನು ಪಾತ್ರೆ ತೊಳೆಯುವವನು ಕಾಲು ಗಂಟೆ ಬಿಟ್ಟಿಟ್ಟರೆ 120 ಲೀಟರ್. ಅಂದರೆ ಇಡೀ ದಿನ ಗಿರಾಕಿ ಬಿಟ್ಟು ಹೋದ ನೀರಿಗಿಂತ ನಮ್ಮ ಒಂದು ನಳದ ನೀರು ಹೆಚ್ಚು! ಆದ್ದರಿಂದ ಮೊದಲು ಒಳಗಿನ ಕೆಲಸ: ಸೋರುವ ವಾಷರ್, ಅಕ್ಕಿ ತೊಳೆಯುವ ಪದ್ಧತಿ, ಟಾಂಕಿ ತುಂಬಿ ಹರಿಯುವುದು. ಅದನ್ನು ಸರಿಮಾಡದೆ ಗಿರಾಕಿಗೆ ಬುದ್ಧಿ ಹೇಳಲು ನಮಗೆ ಮುಖವಿಲ್ಲ. ಶುರು ಮಾಡುವ ಮುಂಚಿನ ಒಂದು ವಾರ ಗ್ಲಾಸಿನಲ್ಲಿ ಉಳಿದ ನೀರನ್ನೆಲ್ಲ ಒಂದು ಬಕೆಟಿಗೆ ಹಾಕಿಸಿ ದಿನಕ್ಕೆ ಎಷ್ಟು ಬಕೆಟ್ ಎಂದು ಬರೆದಿಡಿ. ಶುರುವಾದ ಮೇಲೆ ಪುನಃ ಒಂದು ವಾರ ಬರೆಯಿರಿ. ಆಗ ಬಂದ ಲೆಕ್ಕ ಕಡಿಮೆಯೋ ಹೆಚ್ಚೋ, ಇದ್ದದ್ದನ್ನೇ ಸಂಘಕ್ಕೆ ತಿಳಿಸಬೇಕು.

ಎರಡನೆಯದು ಬಾಟಲಿ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೋಟೆಲಿನವರು ಬಾಟಲಿ ನೀರನ್ನು ಎಮ್ಮಾರ್ಪಿಗಿಂತ ಹೆಚ್ಚಿಗೆ ಮಾರಬಹುದು ಎಂದಿತು. ಸರಿ. ಆದರೆ ಅರ್ಧ ಗ್ಲಾಸು ಇಟ್ಟು, ಎರಡನೇ ಸಲ ಕೇಳಿದರೆ ಬಾಟಲಿ ತೋರಿಸಿದರೆ ಅದು ನೀರು ಉಳಿತಾಯವಲ್ಲ, ವ್ಯಾಪಾರ. ಗುಟ್ಟಿನಲ್ಲಿ ಗ್ಲಾಸು ಸಣ್ಣದು ಮಾಡುವುದೂ ಅಷ್ಟೇ. ಮರಾಠಿ, ಹಿಂದಿಯಲ್ಲಿ ಕಾಣುವ ಹಾಗೆ ಬರೆಯಿರಿ: ಯಾಕೆ ಅರ್ಧ, ಎಷ್ಟು ಸಲ ಕೇಳಿದರೂ ಕೊಡುತ್ತೇವೆ. ಬಂದವರಿಗೆ ಬೆಲ್ಲ ನೀರು ಕೊಟ್ಟು ಮಾತಾಡಿಸುವ ಊರಿನವರು ನಾವು. ಬಿಸಿಲಲ್ಲಿ ಬಂದ ಮುದುಕರಿಗೆ, ಗುಳಿಗೆ ತಿನ್ನುವವರಿಗೆ, ಮಕ್ಕಳಿಗೆ ಅರ್ಧದ ನಿಯಮ ಬೇಡ.

ಎಲ್ಲಕ್ಕಿಂತ ಮುಖ್ಯ, ಹುಡುಗರು. ನಿಯಮ ಮಾಡುವವರು ಗಲ್ಲೆಯಲ್ಲಿ, ಬೈಗಳು ತಿನ್ನುವವನು ಟೇಬಲಿನ ಹತ್ತಿರ. ಟಿಪ್ಸ್ ಕಡಿಮೆಯಾದರೆ ಅದೂ ಅವನಿಗೇ. ಈಗ ನಮ್ಮಲ್ಲಿ ಊರಿನ ಮಾಣಿಗಳು ಕಡಿಮೆ. ಉತ್ತರ ಪ್ರದೇಶ, ಬಿಹಾರ, ಝಾರ್ಖಂಡಿನ ಹುಡುಗರೇ ಹೆಚ್ಚು. ಅವರನ್ನು ಕೂರಿಸಿ ಅವರ ಭಾಷೆಯಲ್ಲಿ ಕೇಳಿ: ಯಾವ ಹೊತ್ತಿನಲ್ಲಿ ಕಷ್ಟ, ಯಾವ ಗಿರಾಕಿ ಸಿಟ್ಟಾಗುತ್ತಾನೆ? ತುಂಬಿ ಕೊಟ್ಟನೆಂದು ಸಂಬಳ ಹಿಡಿಯಬಾರದು, ಕ್ಯಾಮೆರಾದಲ್ಲಿ ಇದನ್ನು ಹುಡುಕಲೂಬಾರದು. ಗಿರಾಕಿ ಜಗಳಕ್ಕೆ ಬಂದರೆ ಮ್ಯಾನೇಜರೋ ಮಾಲಕನೋ ಎದ್ದು ಹೋಗಬೇಕು. ಉಳಿದ ಟ್ಯಾಂಕರಿನ ದುಡ್ಡಿನಲ್ಲಿ ಹುಡುಗರಿಗೂ ಒಂದು ಪಾಲು ಕೊಟ್ಟರೆ ತಪ್ಪೇನು?

ಯಾವಾಗ ನಿಲ್ಲಿಸುವುದು ಎಂಬುದನ್ನೂ ಮೊದಲೇ ಬರೆದಿಡಿ. ಎರಡು ವಾರವಾದರೂ ಹುಡುಗರ ಮೇಲಿನ ಬೈಗಳು ನಿಲ್ಲದಿದ್ದರೆ, ಬಕೆಟಿನ ಲೆಕ್ಕ ಇಳಿಯದಿದ್ದರೆ, ಬೋರ್ಡು ತೆಗೆದು ಮುಚ್ಚಳದ ಜಗ್ಗು ಟೇಬಲಿಗೆ ಇಡಿ. ಬೇಕಾದಷ್ಟು ಅವರೇ ಬಗ್ಗಿಸಿಕೊಳ್ಳಲಿ. ಜಗ್ಗು ಮಾತ್ರ ದಿನಾಲೂ ಉಜ್ಜಿ ತೊಳೆಯಬೇಕು, ಅದಕ್ಕೂ ನೀರು ಬೇಕು. ಆ ಲೆಕ್ಕವೂ ಪುಸ್ತಕಕ್ಕೆ ಹೋಗಲಿ.