ಹೊಸ ಕೋಣೆಯ ವೈರಿಂಗ್ ಮುಟ್ಟುವ ಮೊದಲು: ಹೃದಯ ವೈದ್ಯರ ಕಿವಿಮಾತು



ಮುಂಬೈ, ಪುಣೆಯ ಫ್ಲ್ಯಾಟಿನಲ್ಲಿ ಬಾಲ್ಕನಿ ಮುಚ್ಚಿ ಮಕ್ಕಳಿಗೆ ಓದುವ ಜಾಗ ಮಾಡುತ್ತೇವೆ. ಚೆನ್ನೈ, ಹೈದರಾಬಾದಿನಲ್ಲಿ ತಾರಸಿಯ ಮೇಲೆ ಒಂದು ಕೋಣೆ ಎಬ್ಬಿಸುತ್ತೇವೆ. ಊರಿನಲ್ಲಿ ಅಪ್ಪ-ಅಮ್ಮ ಇರುವ ಮನೆಯ ಹಿತ್ತಿಲಿಗೆ ಹೊಸ ಬಚ್ಚಲು ಸೇರಿಸುತ್ತೇವೆ. ಟೈಲ್ಸ್, ಬಣ್ಣಕ್ಕೆ ಹತ್ತು ಸಲ ಯೋಚಿಸುವ ನಾವು ಕರೆಂಟಿನ ವಿಷಯ ಬಂದಾಗ ಮಾತ್ರ "ಸ್ವಿಚ್ ಆಫ್ ಮಾಡಿದ್ದೀನಲ್ಲ, ಏನೂ ಆಗಲ್ಲ" ಎಂದುಬಿಡುತ್ತೇವೆ.

ಇದನ್ನು ಹೃದಯದ ಡಾಕ್ಟರ್ ಯಾಕೆ ಹೇಳಬೇಕು ಅನ್ನುತ್ತೀರಾ? ಮನೆಯ ಕರೆಂಟ್ ಹೊಡೆದಾಗ ಸುಡುವುದು ಚರ್ಮ. ಆದರೆ ಸ್ಥಳದಲ್ಲೇ ಜೀವ ಹೋಗುವುದು ಹೆಚ್ಚಾಗಿ ಹೃದಯದ ಲಯ ತಪ್ಪಿ.

*ಹೃದಯಕ್ಕೆ ಏನಾಗುತ್ತದೆ?*

ಹೃದಯ ಬಡಿಯುವುದೇ ತನ್ನೊಳಗೆ ಹುಟ್ಟುವ ಸಣ್ಣ ವಿದ್ಯುತ್ ಸಂಕೇತದಿಂದ. ಹೊರಗಿನ ಕರೆಂಟ್ ಒಂದು ಕೈಯಿಂದ ಇನ್ನೊಂದು ಕೈಗೆ, ಅಥವಾ ಕೈಯಿಂದ ಕಾಲಿಗೆ ಹರಿದರೆ ದಾರಿಯಲ್ಲಿ ಎದೆ ಸಿಗುತ್ತದೆ. ಸುಮಾರು 10 ಮಿಲಿಆಂಪ್ ದಾಟಿದರೆ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲು ಆಗದಂತಾಗಬಹುದು. 50ರಿಂದ 100 ಮಿಲಿಆಂಪ್ ಕೆಲವು ಕ್ಷಣ ಹರಿದರೂ ಹೃದಯ ಬಡಿಯುವ ಬದಲು ಸುಮ್ಮನೆ ನಡುಗತೊಡಗಬಹುದು. ಇದೇ ವೆಂಟ್ರಿಕ್ಯುಲರ್ ಫಿಬ್ರಿಲೇಷನ್. ಆಗ ಮಿದುಳಿಗೆ ರಕ್ತ ಹೋಗುವುದು ನಿಲ್ಲುತ್ತದೆ.

*"ಎಂಸಿಬಿ ಇದೆಯಲ್ಲ?"*

ಲೆಕ್ಕ ನೋಡಿ. ಒದ್ದೆ ಮೈಯ ಪ್ರತಿರೋಧ ಸುಮಾರು 1000 ಓಮ್ ಎಂದಿಟ್ಟುಕೊಂಡರೆ, 230 ವೋಲ್ಟಿಗೆ ದೇಹದಲ್ಲಿ ಹರಿಯುವುದು 230 ಮಿಲಿಆಂಪ್. ಜೀವ ತೆಗೆಯಲು ಅಷ್ಟು ಸಾಕು. ಆದರೆ 16 ಆಂಪ್ ಎಂಸಿಬಿ ಬೀಳಬೇಕಾದರೆ 16,000 ಮಿಲಿಆಂಪ್ ದಾಟಬೇಕು! ಎಂಸಿಬಿ ಕಾಯುವುದು ತಂತಿಯನ್ನು, ನಿಮ್ಮನ್ನಲ್ಲ.

ಮನುಷ್ಯನನ್ನು ಕಾಯುವುದು 30 ಮಿಲಿಆಂಪಿನ ಆರ್‌ಸಿಸಿಬಿ. ಅದೂ ನೆಲಕ್ಕೆ ಸೋರುವ ಕರೆಂಟನ್ನಷ್ಟೇ ಗುರುತಿಸುತ್ತದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವರನ್ನು ಅದು ಬಲ್ಬ್ ಅಂತಲೇ ತಿಳಿಯಬಹುದು. ಆದ್ದರಿಂದ ಕೆಲಸದ ಜಾಗಕ್ಕೆ ಕರೆಂಟೇ ಬಾರದಂತೆ ಮಾಡುವುದು ಮೊದಲ ಔಷಧ.

*ಕೆಲಸ ಶುರುವಾಗುವ ಮುನ್ನ*

ವೈರಿಂಗ್ ಕೆಲಸವನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನೇ ಮಾಡಲಿ. ನೀವು ಪಕ್ಕದಲ್ಲಿ ನಿಂತು ಈ 6 ವಿಷಯ ನೋಡಿ:

1. ಹೊಸ ಕೋಣೆಗೆ ಕರೆಂಟ್ ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಲೈಟ್ ಒಂದು ಕಡೆಯಿಂದ, ಪ್ಲಗ್ ಅಡುಗೆಮನೆಯಿಂದ, ಫ್ಯಾನ್ ಇನ್ವರ್ಟರಿನಿಂದ ಎಳೆದಿರುವುದು ಸಾಮಾನ್ಯ. ಎಲ್ಲದಕ್ಕೂ ಚೀಟಿ ಅಂಟಿಸಿ.

2. ಗೋಡೆಯ ಸ್ವಿಚ್ ನಂಬಬೇಡಿ. ಅದು ಒಂದೇ ತಂತಿಯನ್ನು ಕಡಿಯುತ್ತದೆ. ತಪ್ಪಿ ನ್ಯೂಟ್ರಲ್‌ಗೆ ಜೋಡಿಸಿದ್ದರೆ ಬಲ್ಬ್ ಆರಿದರೂ ಹೋಲ್ಡರಿನಲ್ಲಿ ಕರೆಂಟ್ ಇರುತ್ತದೆ. ಎರಡೂ ತಂತಿ ಕಡಿಯುವ ಡಬಲ್ ಪೋಲ್ ಮೇನ್ ಆಫ್ ಮಾಡಿಸಿ. ಮೀಟರಿನಿಂದ ಮೇನ್‌ವರೆಗಿನ ತಂತಿ ಆಗಲೂ ಜೀವಂತ ಎಂಬುದು ನೆನಪಿರಲಿ.

3. ಇನ್ವರ್ಟರ್ ಆಫ್ ಮಾಡಿ. ಮೇನ್ ತೆಗೆದ ತಕ್ಷಣ ತಾನಾಗಿ ಕರೆಂಟ್ ಕೊಡುವುದೇ ಅದರ ಕೆಲಸ. ಅದರಿಂದ ಬರುವುದೂ 230 ವೋಲ್ಟೇ. ಸೋಲಾರ್, ಜನರೇಟರ್ ಇದ್ದರೆ ಅವನ್ನೂ ನಿಲ್ಲಿಸಿ.

4. ಮೇನ್ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಕೆಲಸ ಮಾಡುವವರ ಜೇಬಿನಲ್ಲಿರಲಿ. "ಕೆಲಸ ನಡೆದಿದೆ, ಹಾಕಬೇಡಿ" ಎಂದು ಬೋರ್ಡ್ ತೂಗುಹಾಕಿ. ಫ್ಯಾನ್ ನಿಂತಿತೆಂದು ಒಳಗಿನಿಂದ ಬಂದ ಅಜ್ಜ ಒಳ್ಳೆಯ ಮನಸ್ಸಿನಿಂದಲೇ ಸ್ವಿಚ್ ಎತ್ತಿಬಿಡಬಹುದು. ಪಕ್ಕದ ಮನೆಯವರಿಗೆ ಕನ್ನಡ ಬಾರದಿದ್ದರೆ ಅವರ ಭಾಷೆಯಲ್ಲೂ ಬರೆಸಿ.

5. ಪರೀಕ್ಷಿಸದೆ ಮುಟ್ಟಬೇಡಿ. ಟೆಸ್ಟರನ್ನು ಮೊದಲು ಕರೆಂಟ್ ಇರುವ ಕಡೆ, ನಂತರ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟ್ ಇರುವ ಕಡೆ ನೋಡಬೇಕು. ಸ್ಕ್ರೂಡ್ರೈವರ್ ಟೆಸ್ಟರ್ ಉರಿಯಲಿಲ್ಲವೆಂದರೆ ಕರೆಂಟ್ ಇಲ್ಲವೆಂದಲ್ಲ. ಮರದ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿಯಲ್ಲಿ ನಿಂತಿದ್ದರೆ ಅದು ಮಂಕಾಗಬಹುದು. ಎರಡು ಕಡ್ಡಿಯ ಟೆಸ್ಟರ್ ಉತ್ತಮ.

6. ಅರ್ತ್ ತಂತಿ ಕಡಿಸಬೇಡಿ. ಕೆಲಸ ಮುಗಿದ ಮೇಲೆ ಆರ್‌ಸಿಸಿಬಿಯ "ಟಿ" ಬಟನ್ ಒತ್ತಿ. ಬೀಳದಿದ್ದರೆ ಬದಲಾಯಿಸಿ.

*ಶಾಕ್ ಹೊಡೆದರೆ*

ಬರಿಗೈಯಲ್ಲಿ ಮುಟ್ಟಬೇಡಿ. ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಮರದ ಕೋಲಿನಿಂದ ತಂತಿ ಸರಿಸಿ. 112ಕ್ಕೆ ಕರೆ ಮಾಡಿ. ಯಾವ ರಾಜ್ಯದಲ್ಲಿದ್ದರೂ ಅದೇ ನಂಬರ್. ಪ್ರಜ್ಞೆ ಇಲ್ಲ, ಸರಿಯಾದ ಉಸಿರಾಟ ಇಲ್ಲ ಎಂದಾದರೆ ಎದೆಯ ನಡುವೆ ಎರಡೂ ಕೈ ಇಟ್ಟು, ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಿ. ಸಹಾಯ ಬರುವವರೆಗೂ ನಿಲ್ಲಿಸಬೇಡಿ. ನೀರು ಕುಡಿಸುತ್ತ, ಪಾದ ಉಜ್ಜುತ್ತ ಸಮಯ ಕಳೆಯಬೇಡಿ.

ಎದ್ದು ಕೂತರೂ ತಲೆಸುತ್ತು, ಎದೆನೋವು, ಎದೆಬಡಿತ, ಸುಟ್ಟಗಾಯ ಇದ್ದರೆ, ಒಂದು ಕ್ಷಣ ಪ್ರಜ್ಞೆ ತಪ್ಪಿದ್ದರೆ, ಅಥವಾ ಗರ್ಭಿಣಿಯಾಗಿದ್ದರೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು.

ಕೆಲಸಕ್ಕೆ ಬರುವ ಹುಡುಗನೂ ನಮ್ಮಂತೆ ಊರು ಬಿಟ್ಟು ದುಡಿಯಲು ಬಂದವನೇ ಇರಬಹುದು. "ಅರ್ಧ ಗಂಟೆ ಫ್ಯಾನ್ ಇಲ್ಲದಿದ್ದರೂ ಪರವಾಗಿಲ್ಲ, ಮೇನ್ ತೆಗೆದೇ ಮಾಡಪ್ಪ" ಎಂದು ನೀವೇ ಮೊದಲು ಹೇಳಿ. ಊರಿನಲ್ಲಿ ಮನೆ ಕಟ್ಟಿಸುತ್ತಿರುವವರಿಗೆ ಇದನ್ನು ತಪ್ಪದೆ ಕಳಿಸಿ.