ತಪ್ಪಿಗೂ ಒಂದು ಅಳತೆಯುಂಟು

ಪರೀಕ್ಷೆಯ ಫಲಿತಾಂಶ ಬಂದ ವಾರ ನಿಮ್ಮ ಬಗ್ಗೆ ನೀವೇ ಏನೆಲ್ಲ ಹೇಳಿಕೊಂಡಿರಿ, ಸ್ವಲ್ಪ ನೆನಪು ಮಾಡಿಕೊಳ್ಳಿ. ‘ಲೆಕ್ಕ ನನ್ನ ತಲೆಗೆ ಹತ್ತುವುದೇ ಇಲ್ಲ’, ‘ನಾನು ಹುಟ್ಟು ಸೋಮಾರಿ’, ‘ನನ್ನ ಹಣೆಬರಹವೇ ಇಷ್ಟು’. ಕೇಳುವವರಿಗೆ ಇವು ತಪ್ಪನ್ನು ಒಪ್ಪಿಕೊಂಡ ಮಾತುಗಳಂತೆ ಕಾಣುತ್ತವೆ. ಆದರೆ ವಿಜ್ಞಾನ ಓದಿದವರ ಕಣ್ಣಿಗೆ ಇವುಗಳಲ್ಲಿ ಒಂದು ಕೊರತೆ ಕಾಣುತ್ತದೆ. ಯಾವುದರಲ್ಲೂ ಅಳತೆಯಿಲ್ಲ. ಎಲ್ಲಿ ತಪ್ಪಿತು, ಎಷ್ಟು ತಪ್ಪಿತು ಎಂಬುದಿಲ್ಲ. ಹಾಗಾಗಿ ನಾಳೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂಬುದೂ ಅವುಗಳಿಂದ ತಿಳಿಯುವುದಿಲ್ಲ. ತಪ್ಪನ್ನು ಅಳೆಯುವುದೆಂದರೆ ಏನೆಂದು ಹೇಳಲು ಹಬಲ್ ದೂರದರ್ಶಕದ ಕಥೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

1990ರ ಏಪ್ರಿಲ್ 24ರಂದು ಅಮೆರಿಕದ ಡಿಸ್ಕವರಿ ನೌಕೆ ಹಬಲ್ ದೂರದರ್ಶಕವನ್ನು ಹೊತ್ತು ಮೇಲೇರಿತು. ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ನಕ್ಷತ್ರದ ಬೆಳಕನ್ನು ಕದಡುವ ವಾಯುಮಂಡಲದ ತೊಂದರೆಯಿಲ್ಲ. ಮುಖ್ಯ ಕನ್ನಡಿಯ ವ್ಯಾಸ 2.4 ಮೀಟರ್. ಜಗತ್ತೆಲ್ಲ ಕಾದು ಕುಳಿತಿತ್ತು. ಬಂದ ಚಿತ್ರಗಳು ಮಸುಕಾಗಿದ್ದವು! ಚುಕ್ಕಿಯಂತೆ ಕಾಣಬೇಕಿದ್ದ ನಕ್ಷತ್ರದ ಸುತ್ತ ಬೆಳಕು ಚೆದುರಿಕೊಂಡಿತ್ತು. ಜೂನ್ ತಿಂಗಳಲ್ಲಿ ನಾಸಾ ಸಂಸ್ಥೆ ಸತ್ಯವನ್ನು ಪ್ರಕಟಿಸಿತು: ಕನ್ನಡಿಯನ್ನೇ ತಪ್ಪು ಆಕಾರಕ್ಕೆ ಉಜ್ಜಲಾಗಿದೆ. ಪತ್ರಿಕೆಗಳು ಗೇಲಿ ಮಾಡಿದವು, ಸಂಸದರು ಕೆರಳಿದರು.

ತಪ್ಪು ಎಷ್ಟಿತ್ತು ಗೊತ್ತೆ? ಕನ್ನಡಿಯ ಅಂಚು ಇರಬೇಕಾದುದಕ್ಕಿಂತ 2.2 ಮೈಕ್ರಾನ್ ಚಪ್ಪಟೆಯಾಗಿತ್ತು. ತಲೆಗೂದಲಿನ ದಪ್ಪದಲ್ಲಿ ಸುಮಾರು ಐವತ್ತನೇ ಒಂದು ಪಾಲು.

ಇದಕ್ಕೆ ಕಾರಣ ಇನ್ನೂ ಸ್ವಾರಸ್ಯಕರ. ಉಜ್ಜಿದ ಕನ್ನಡಿ ಸರಿಯಾಗಿದೆಯೇ ಎಂದು ನೋಡಲು ನಲ್ ಕರೆಕ್ಟರ್ ಎಂಬ ಉಪಕರಣವಿತ್ತು. ಕನ್ನಡಿಗೆ ಅದೇ ಅಳತೆಗೋಲು. ಅದರೊಳಗಿನ ಮಸೂರವನ್ನು ಜೋಡಿಸುವಾಗ ಬೆಳಕಿನ ಕಿರಣ ಒಂದು ಸರಳಿನ ತುದಿಗೆ ಬಡಿದು ಹಿಂತಿರುಗಬೇಕಿತ್ತು. ಸರಳಿಗೆ ಹೊದಿಸಿದ್ದ ಮುಚ್ಚಳದ ಬಣ್ಣ ಚೂರು ಕಿತ್ತುಹೋಗಿದ್ದರಿಂದ ಅದು ಮುಚ್ಚಳಕ್ಕೇ ಬಡಿದು ಮರಳಿತು. ಲೆಕ್ಕ ಕೂಡದಾಗ ನಡುವೆ ವಾಷರ್ ತುರುಕಿ ಸರಿಹೊಂದಿಸಿದರು. ಮಸೂರ 1.3 ಮಿಲಿಮೀಟರ್ ಆಚೆಗೆ ಕುಳಿತಿತು. ಆಮೇಲೆ ಕನ್ನಡಿಯನ್ನು ಅತ್ಯಂತ ಶ್ರದ್ಧೆಯಿಂದ, ಆ ಸೊಟ್ಟ ಅಳತೆಗೋಲಿಗೆ ಒಪ್ಪುವಂತೆ ಉಜ್ಜಿದರು. ಬೇರೆ ಎರಡು ಸಾಧಾರಣ ಉಪಕರಣಗಳು ‘ಏನೋ ತಪ್ಪಿದೆ’ ಎಂದು ತೋರಿಸಿಯೂ ಇದ್ದವು. ಇವು ಅಷ್ಟು ನಿಖರವಲ್ಲವೆಂದು ಅವುಗಳ ಮಾತನ್ನು ತಳ್ಳಿಹಾಕಲಾಯಿತು.

ನಮ್ಮ ಸ್ಟುಡಿಯೋದಲ್ಲಿ ಚಿತ್ರೀಕರಣಕ್ಕೆ ಮುಂಚೆ ಕ್ಯಾಮೆರಾಕ್ಕೆ ಬಿಳಿ ಹಾಳೆ ತೋರಿಸಿ ‘ಬಿಳುಪೆಂದರೆ ಇದು’ ಎಂದು ಕಲಿಸುತ್ತೇವೆ. ಆ ಹಾಳೆ ಹಳದಿಯಾಗಿದ್ದರೆ ಅತಿಥಿಗಳ ಮುಖವೆಲ್ಲ ನೀಲಿ. ಅವರ ಮುಖದಲ್ಲಿ ದೋಷವಿರುವುದಿಲ್ಲ. ನಿಮ್ಮನ್ನು ನೀವು ಅಳೆಯುವ ಕೋಲು ಎಲ್ಲಿಂದ ಬಂತು ಎಂದು ಒಮ್ಮೆ ನೋಡಿಕೊಳ್ಳಿ. ಪಕ್ಕದ ಮನೆಯ ಹುಡುಗನ ಶೇಕಡಾವಾರು ಅಂಕವೇ ನಿಮ್ಮ ಬಿಳಿ ಹಾಳೆಯಾಗಿದ್ದರೆ, ಮೊದಲು ಬದಲಾಯಿಸಬೇಕಾದ್ದು ಹಾಳೆಯನ್ನು. ಹಾಗೆಯೇ, ‘ನೀನು ಪ್ರಶ್ನೆ ಪೂರ್ತಿ ಓದುವುದಿಲ್ಲ ಕಣೋ’ ಎಂದು ಮೇಷ್ಟರೋ ಗೆಳೆಯನೋ ನಾಲ್ಕು ಸಲ ಹೇಳಿದ್ದರೆ ಆ ಸಾಧಾರಣ ಉಪಕರಣದ ಮಾತನ್ನೂ ಬರೆದಿಟ್ಟುಕೊಳ್ಳಿ.

ತನಿಖೆಗೆ ಬಂದ ಸಮಿತಿಯ ಅದೃಷ್ಟ, ಆ ನಲ್ ಕರೆಕ್ಟರ್ ಹೇಗಿತ್ತೋ ಹಾಗೇ ಉಳಿದಿತ್ತು. ಅಳೆದರು, 1.3 ಮಿಲಿಮೀಟರ್ ಸಿಕ್ಕಿತು. ಮಸುಕು ಚಿತ್ರಗಳ ಲೆಕ್ಕವೂ ಅದಕ್ಕೇ ತಾಳೆಯಾಯಿತು. ಆದ್ದರಿಂದಲೇ ಹೇಳುತ್ತೇನೆ, ಕಡಿಮೆ ಅಂಕ ಬಂದ ಉತ್ತರಪತ್ರಿಕೆಯನ್ನು ಹರಿದು ಎಸೆಯಬೇಡಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಗಳಾದರೆ ಶುಲ್ಕ ಕಟ್ಟಿ ಅದರ ಪ್ರತಿ ತರಿಸಿಕೊಳ್ಳಬಹುದು. ಕಳೆದುಕೊಂಡ ಒಂದೊಂದು ಅಂಕದ ಮುಂದೆ ಕಾರಣ ಬರೆಯಿರಿ: ಸೂತ್ರ ಮರೆತದ್ದೇ, ಕೂಡುವಾಗ ಎಡವಿದ್ದೇ, ಸಮಯ ಸಾಲದ್ದೇ? ‘ಲೆಕ್ಕ ಹತ್ತುವುದಿಲ್ಲ’ ಎಂಬ ಬೆಟ್ಟ ಬಹಳ ಸಲ ಎರಡು ಅಧ್ಯಾಯಕ್ಕೆ ಇಳಿಯುತ್ತದೆ. ಗೆಳತಿಯೊಡನೆ ಆಡಿದ ಒರಟು ಮಾತಿಗೂ ಇದೇ ಕ್ರಮ. ‘ನಾನು ಕೆಟ್ಟವಳು’ ಎಂದು ಅಳುವುದಕ್ಕಿಂತ ‘ಆ ದಿನ ಎಲ್ಲರೆದುರು ಹಾಗೆ ಅಂದದ್ದು ತಪ್ಪು’ ಎಂದರೆ ಹೋಗಿ ಕ್ಷಮೆ ಕೇಳಲು ದಾರಿಯಾಗುತ್ತದೆ.

(ಒಂದು ಮಾತು. ತಪ್ಪಿನ ಭಾರಕ್ಕೆ ಊಟ ನಿದ್ದೆ ಬಿಟ್ಟುಹೋಗಿ ಬದುಕೇ ಬೇಡವೆನ್ನಿಸುತ್ತಿದ್ದರೆ ಅಳತೆ ಗಿಳತೆ ಆಮೇಲೆ. ಮೊದಲು ಮನೆಯವರಿಗೆ ಹೇಳಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.)

ಹಬಲ್‌ಗೆ ಬದಲಿ ಕನ್ನಡಿಯೊಂದು ಭೂಮಿಯ ಮೇಲೆ ಇತ್ತು. ಆದರೆ ಕಕ್ಷೆಯಲ್ಲಿ ಅದನ್ನು ಜೋಡಿಸಲಾಗದು. ದೂರದರ್ಶಕವನ್ನೇ ಕೆಳಗಿಳಿಸಿ ತರುವುದು ವಿಪರೀತ ಖರ್ಚಿನ ಕೆಲಸ. ಇದ್ದ ಕನ್ನಡಿಯೊಂದಿಗೇ ಬಾಳಬೇಕಿತ್ತು. ಇಲ್ಲಿ ಆ ತಪ್ಪಿನ ನಿಖರತೆಯೇ ಕೈಹಿಡಿಯಿತು. ಕನ್ನಡಿ ಅಡ್ಡಾದಿಡ್ಡಿಯಾಗಿ ಕೆಟ್ಟಿರಲಿಲ್ಲ, ಎಲ್ಲೆಡೆ ಒಂದೇ ಕ್ರಮದಲ್ಲಿ ತಪ್ಪಾಗಿತ್ತು. ಅಷ್ಟೇ ಪ್ರಮಾಣದ ವಿರುದ್ಧ ತಪ್ಪನ್ನು ಬೇರೆ ಕನ್ನಡಿಗಳಲ್ಲಿ ಬೇಕೆಂದೇ ಮಾಡಿದರೆ ಎರಡೂ ವಜಾ ಆಗುತ್ತವೆ. ಸಮೀಪದೃಷ್ಟಿಗೆ ನಿಮ್ಮ ವೈದ್ಯರು ಕನ್ನಡಕದ ನಂಬರು ಬರೆಯುವುದೂ ಇದೇ ತತ್ವದಿಂದಲೇ. ಕೋಸ್ಟಾರ್ ಎಂಬ ಉಪಕರಣದಲ್ಲಿ ನಾಣ್ಯದಷ್ಟು ಚಿಕ್ಕ ಕನ್ನಡಿಗಳನ್ನು ಹೀಗೆ ಜೋಡಿಸಿದರು. ಹೊಸ ಕ್ಯಾಮೆರಾದೊಳಗೂ ಇದೇ ತಿದ್ದುಪಡಿ ಸೇರಿಸಿದರು. 1993ರ ಡಿಸೆಂಬರಿನಲ್ಲಿ ಎಂಡೆವರ್ ನೌಕೆಯ ಯಾತ್ರಿಗಳು ಐದು ಬಾರಿ ಬಾಹ್ಯಾಕಾಶದಲ್ಲಿ ನಡೆದು ಅವನ್ನೆಲ್ಲ ಕೂರಿಸಿದರು. ಎರಡು ವರ್ಷದ ನಂತರ, 1995ರ ಡಿಸೆಂಬರಿನಲ್ಲಿ, ಹಬಲ್ ಆಕಾಶದ ಒಂದು ಪುಟ್ಟ ಚೂರನ್ನು ಹತ್ತು ದಿನ ದಿಟ್ಟಿಸಿ ಸುಮಾರು 3,000 ಗೆಲಾಕ್ಸಿಗಳನ್ನು ತೋರಿಸಿತು.

ನಡುವಿನ ಮೂರು ವರ್ಷ ಅದು ಸುಮ್ಮನೆ ಕುಳಿತಿರಲಿಲ್ಲ. ಮಸುಕು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತಿದ್ದಿಕೊಂಡು, ಪ್ರಕಾಶವಾದ ಕಾಯಗಳನ್ನು ನೋಡುತ್ತ ಕೆಲಸ ನಡೆಸಿದರು. 1990ರ ಸೆಪ್ಟೆಂಬರಿನಲ್ಲಿ ಶನಿಗ್ರಹದ ಮೇಲೆ ಎದ್ದ ಬಿಳಿಯ ಬಿರುಗಾಳಿಯ ಚಿತ್ರಗಳು ಆ ಕಾಲದವೇ.

ಇಷ್ಟಾದರೂ ಇದು ಪುಕ್ಕಟೆ ಆಗಲಿಲ್ಲ. ಕೋಸ್ಟಾರ್ ಕೂರಿಸಲು ಜಾಗ ಬೇಕಿತ್ತು. ಅದಕ್ಕಾಗಿ, ನಕ್ಷತ್ರಗಳ ಬೆಳಕು ಕ್ಷಣಕ್ಷಣಕ್ಕೂ ಬದಲಾಗುವುದನ್ನು ಅಳೆಯುತ್ತಿದ್ದ ಹೈಸ್ಪೀಡ್ ಫೋಟೋಮೀಟರನ್ನು ಕಿತ್ತು ತರಬೇಕಾಯಿತು. ಅದನ್ನು ರೂಪಿಸಿದವರಿಗೆ ಎಷ್ಟು ಸಂಕಟವಾಗಿರಬೇಕು! ಮುಂದೆ ಬಂದ ಉಪಕರಣಗಳಲ್ಲೆಲ್ಲ ತಿದ್ದುಪಡಿ ಒಳಗೇ ಅಡಕವಾಗಿದ್ದುದರಿಂದ 2009ರಲ್ಲಿ ಕೋಸ್ಟಾರನ್ನೂ ಬಿಚ್ಚಿ ತಂದರು. ಈಗ ಅದು ಅಮೆರಿಕದ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದ ಸೊತ್ತು. ಮೇಲಿರುವ ಕನ್ನಡಿ ಮಾತ್ರ ಅದೇ ಹಳೆಯದು, ಅಂಚಿನಲ್ಲಿ ಅದೇ 2.2 ಮೈಕ್ರಾನ್ ಚಪ್ಪಟೆ.